ವಿದೇಶಿ ನೆರವಿನಿಂದ ಒಂದು ದೇಶದ ಪೊಲೀಸ್, ನ್ಯಾಯ ವ್ಯವಸ್ಥೆ ಸುಧಾರಿಸುವುದು ಸಾಧ್ಯವೇ?

ವಿಶ್ವಸಂಸ್ಥೆಯೋ ಶ್ರೀಮಂತ ರಾಷ್ಟ್ರಗಳೋ ಹಣ ಕೊಟ್ಟು, ತಜ್ಞರನ್ನು ಕಳುಹಿಸಿ ಇನ್ನೊಂದು ದೇಶದ ಪೊಲೀಸ್, ನ್ಯಾಯಾಂಗವನ್ನು ಸರಿಪಡಿಸಬಹುದೇ, ಇಲ್ಲ ಅವರು ಗಂಟುಮೂಟೆ ಕಟ್ಟಿದ ಮರುದಿನ ಎಲ್ಲವೂ ಮೊದಲಿನಂತೆಯೇ ಆಗುತ್ತದೆಯೇ ಎಂದು ಕೇಳಿದ್ದೀರಿ. ಸರಿಪಡಿಸಬಹುದು, ಆದರೆ ಅಲ್ಲಿನ ಅಧಿಕಾರಸ್ಥರ ಬುಡಕ್ಕೆ ಬರುವವರೆಗೆ ಮಾತ್ರ. ಇದಕ್ಕೆ ಮಧ್ಯ ಅಮೆರಿಕದ ಗ್ವಾಟೆಮಾಲಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ನಾನು ಸಕಲೇಶಪುರದಲ್ಲಿ ವಕೀಲ. ಜೊತೆಗೆ ಒಂದಿಷ್ಟು ಕಾಫಿ, ಏಲಕ್ಕಿ ಇದೆ. ನಮ್ಮ ಕಡೆ ಏಲಕ್ಕಿ ಬೆಳೆದವರಿಗೆಲ್ಲ ಗ್ವಾಟೆಮಾಲ ಗೊತ್ತು. ಧಾರಣೆ ಕುಸಿದಾಗಲೆಲ್ಲ ನಾವು ಶಪಿಸುವುದು ಅದನ್ನೇ. ನಮ್ಮ ಘಟ್ಟದ ಈ ಬೆಳೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ರಫ್ತು ಮಾಡುವ ದೇಶ ಈಗ ಅದು. ಶಪಿಸುತ್ತಲೇ ಅದರ ಬಗ್ಗೆ ಓದುವ ಚಟವೂ ಹತ್ತಿತು.

1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. 2 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಅವರಲ್ಲಿ ಬಹುಪಾಲು ಮಾಯಾ ಮೂಲನಿವಾಸಿಗಳು. ಶಾಂತಿ ಒಪ್ಪಂದವೇನೋ ಆಯಿತು, ಯುದ್ಧಕಾಲದ ಗುಪ್ತಜಾಲಗಳು ಮಾತ್ರ ಪೊಲೀಸ್, ಕಸ್ಟಮ್ಸ್, ನ್ಯಾಯಾಲಯಗಳ ಒಳಗೇ ಬೇರುಬಿಟ್ಟವು. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದಾಗ ಸರ್ಕಾರ 2006ರಲ್ಲಿ ವಿಶ್ವಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಆ ಜಾಲಗಳ ತನಿಖೆಗೆ ‘ಸಿಸಿಗ್’ ಎಂಬ ಅಂತರರಾಷ್ಟ್ರೀಯ ಆಯೋಗ ಕೆಲಸ ಶುರುಮಾಡಿತು. ಅಮೆರಿಕ, ಸ್ವೀಡನ್, ಐರೋಪ್ಯ ಒಕ್ಕೂಟ ಮೊದಲಾದವರ ದೇಣಿಗೆಯಿಂದ ಅದು ನಡೆಯುತ್ತಿತ್ತು.

ವಕೀಲನಾಗಿ ನನಗೆ ಹಿಡಿಸಿದ್ದು ಅದರ ರಚನೆ. ವಿದೇಶಿ ತನಿಖಾಧಿಕಾರಿಗಳು ತಾವೇ ಮೊಕದ್ದಮೆ ಹೂಡುವಂತಿರಲಿಲ್ಲ. ಅಲ್ಲಿನ ಸರ್ಕಾರಿ ಅಭಿಯೋಜಕರ ಜೊತೆ ಕೂತು, ಅಲ್ಲಿನ ಕಾನೂನಿನಡಿ, ಅಲ್ಲಿನ ನ್ಯಾಯಾಧೀಶರ ಮುಂದೆಯೇ ವಾದಿಸಬೇಕಿತ್ತು. ಹೊರಗಿನವರು ಏಕೆ ಬೇಕಿತ್ತು ಎಂಬುದು ತಾಲ್ಲೂಕು ನ್ಯಾಯಾಲಯದಲ್ಲಿ ನಿಂತವರಿಗೆ ಅರ್ಥವಾಗುತ್ತದೆ. ಮಹಜರಿಗೆ ಸಹಿ ಹಾಕಿದ ಪಂಚ ಕಟಕಟೆಗೆ ಬರುತ್ತಾನೆ. ಆರೋಪಿ ಅವನ ಪಕ್ಕದ ತೋಟದವನು, ದೂರದ ನೆಂಟ ಬೇರೆ. ‘ಠಾಣೆಗೆ ಕರೆದರು, ಸಹಿ ಹಾಕು ಎಂದರು, ಹಾಕಿದೆ, ಅದರಲ್ಲಿ ಏನು ಬರೆದಿತ್ತೋ ಗೊತ್ತಿಲ್ಲ ಸ್ವಾಮಿ’ ಎನ್ನುತ್ತಾನೆ. ಅಲ್ಲಿಗೆ ಪ್ರಕರಣ ಅರ್ಧ ಮುಗಿದಂತೆ. ಅವನನ್ನು ದೂರುವುದೂ ಕಷ್ಟ, ನಾಳೆ ಅದೇ ಊರಿನಲ್ಲಿ ಬದುಕಬೇಕಾದವನು ಅವನೇ. ಸಿಸಿಗ್‌ನವರಿಗೆ ಆ ಊರಿನಲ್ಲಿ ನೆಂಟರಿರಲಿಲ್ಲ, ಎತ್ತಂಗಡಿಯ ಭಯವಿರಲಿಲ್ಲ. ಸಾಕ್ಷಿಗಳ ರಕ್ಷಣೆ, ಅಪಾಯಕಾರಿ ಪ್ರಕರಣಗಳಿಗೆ ಪ್ರತ್ಯೇಕ ನ್ಯಾಯಾಲಯ, ದೂರವಾಣಿ ಕದ್ದಾಲಿಕೆಗೆ ನ್ಯಾಯಾಧೀಶರ ಅನುಮತಿ ಪಡೆಯುವ ಪದ್ಧತಿ, ಇವೆಲ್ಲ ಬಲಗೊಂಡದ್ದು ಅವರ ಒತ್ತಾಸೆಯಿಂದ.

2009ರಲ್ಲಿ ರೊಡ್ರಿಗೊ ರೊಸೆನ್‌ಬರ್ಗ್ ಎಂಬ ವಕೀಲ ಗುಂಡಿಗೆ ಬಲಿಯಾದ. ‘ನೀವು ಇದನ್ನು ನೋಡುತ್ತಿದ್ದೀರಿ ಎಂದರೆ ಅಧ್ಯಕ್ಷರು ನನ್ನನ್ನು ಕೊಲ್ಲಿಸಿದ್ದಾರೆ’ ಎಂಬರ್ಥದ ಅವನ ವಿಡಿಯೊ ಹೊರಬಂದು ಸರ್ಕಾರವೇ ಅಲುಗಾಡಿತು. ಸಿಸಿಗ್ ಮೊಬೈಲ್ ಕರೆಗಳ ಜಾಡು ಹಿಡಿದು ಹೋದರೆ, ತನ್ನ ಕೊಲೆಗೆ ಏರ್ಪಾಟು ಮಾಡಿದ್ದು ಅವನೇ! ಅಧ್ಯಕ್ಷ ಕೊಲೊಮ್ ಆರೋಪಮುಕ್ತರಾದರು. ದೇಶದ ಪೊಲೀಸರೇ ಇದನ್ನು ಹೇಳಿದ್ದರೆ ಒಬ್ಬರೂ ನಂಬುತ್ತಿರಲಿಲ್ಲ.

2015ರಲ್ಲಿ ಅದೇ ಸಿಸಿಗ್ ಇನ್ನೊಬ್ಬ ಅಧ್ಯಕ್ಷರನ್ನು ಕೆಳಗಿಳಿಸಿತು. ಆಮದುದಾರರು ಒಂದು ಫೋನ್ ಸಂಖ್ಯೆಗೆ ಕರೆ ಮಾಡಿ ಕೈ ಬೆಚ್ಚಗೆ ಮಾಡಿದರೆ ಸುಂಕ ಇಳಿಯುತ್ತಿತ್ತು. ಜಾಲ ಮೇಲಿನವರೆಗೂ ಹಬ್ಬಿತ್ತು. ಜನ ವಾರವಾರ ಚೌಕದಲ್ಲಿ ಸೇರಿದರು. ಮೊದಲು ಉಪಾಧ್ಯಕ್ಷೆ, ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಪೆರೆಸ್ ಮೊಲಿನ ರಾಜೀನಾಮೆ ಕೊಟ್ಟು ಜೈಲು ಸೇರಿದರು.

ನಂತರ ಗೆದ್ದದ್ದು ಹಾಸ್ಯನಟ ಜಿಮ್ಮಿ ಮೊರಾಲೆಸ್. ‘ಭ್ರಷ್ಟನೂ ಅಲ್ಲ, ಕಳ್ಳನೂ ಅಲ್ಲ’ ಎಂಬುದು ಅವರ ಘೋಷಣೆ. ತಮ್ಮ ಅಣ್ಣ, ಮಗ, ಕೊನೆಗೆ ತಮ್ಮದೇ ಚುನಾವಣಾ ಹಣದ ತನಿಖೆ ಶುರುವಾದಾಗ ಅವರಿಗೆ ದೇಶದ ಸಾರ್ವಭೌಮತ್ವ ನೆನಪಾಯಿತು. ಆಯೋಗದ ಮುಖ್ಯಸ್ಥ ಇವಾನ್ ವೆಲಾಸ್ಕೆಸ್ ವಿದೇಶಕ್ಕೆ ಹೋಗಿದ್ದಾಗ ಮರಳದಂತೆ ತಡೆದರು. 2019ರ ಸೆಪ್ಟೆಂಬರ್‌ನಲ್ಲಿ ಸಿಸಿಗ್ ಬಾಗಿಲು ಮುಚ್ಚಿತು. ಆಮೇಲೆ ಸೇಡಿನ ಸರದಿ: ಅದರ ಜೊತೆ ದುಡಿದ ಸ್ಥಳೀಯ ಅಭಿಯೋಜಕರು, ನ್ಯಾಯಾಧೀಶರು ಒಬ್ಬೊಬ್ಬರಾಗಿ ದೇಶ ಬಿಟ್ಟರು. ವಿದೇಶಿಯರು ತಮ್ಮ ಊರಿಗೆ ಮರಳಿದರು, ಇವರಿಗೆ ಊರೇ ಇಲ್ಲವಾಯಿತು. ನೆರವು ಕೊಡುವ ದೇಶಗಳ ಬಗ್ಗೆ ನನ್ನ ತಕರಾರು ಇದೇ. ಹೊರಟು ಹೋಗುವಾಗ ಹಿಂದೆ ಉಳಿಯುವವರ ಗತಿಯೇನು ಎಂಬ ಯೋಜನೆ ಅವರಲ್ಲಿರಲಿಲ್ಲ.

ನಮ್ಮ ಕರ್ನಾಟಕದಲ್ಲೂ 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಹುಟ್ಟುಹಾಕಿ ಲೋಕಾಯುಕ್ತದ ಹಲ್ಲು ಕಿತ್ತರು. ಆದರೆ ಲೋಕಾಯುಕ್ತ ನಮ್ಮದೇ ಶಾಸನಸಭೆಯ 1984ರ ಕಾಯ್ದೆಯ ಕೂಸು. 2022ರಲ್ಲಿ ನಮ್ಮದೇ ಹೈಕೋರ್ಟ್ ಎಸಿಬಿಯನ್ನು ರದ್ದುಮಾಡಿತು. ಸಿಸಿಗ್‌ಗೆ ಅಂಥ ಆಸರೆ ಕಡಿಮೆ. ಅದರ ಅವಧಿ ಮುಂದುವರಿಯಲು ಅದೇ ಅಧ್ಯಕ್ಷರ ಸಮ್ಮತಿ ಬೇಕಿತ್ತು.

ಹಾಗಾದರೆ ಎಲ್ಲವೂ ನೀರಿನಲ್ಲಿ ಹೋಮವೇ? ಹಾಗೆನ್ನಲಾರೆ. 2023ರಲ್ಲಿ ಭ್ರಷ್ಟಾಚಾರ ವಿರೋಧಿ ಅಭ್ಯರ್ಥಿ ಬೆರ್ನಾರ್ಡೊ ಅರೆವಾಲೊ ಗೆದ್ದಾಗ, ಸರ್ಕಾರಿ ಅಭಿಯೋಜಕರ ಮುಖ್ಯಸ್ಥೆಯಾದ ಅಟಾರ್ನಿ ಜನರಲ್ ಕಾನ್ಸುಎಲೊ ಪೊರಾಸ್ ಆ ಫಲಿತಾಂಶವನ್ನೇ ಕೆಡವಲು ಹೊರಟರು. ಮೂಲನಿವಾಸಿ ಸಮುದಾಯಗಳು ಮುಂದೆ ನಿಂತು ವಾರಗಟ್ಟಲೆ ಹೆದ್ದಾರಿ ತಡೆದವು. 2024ರ ಜನವರಿಯಲ್ಲಿ ಅರೆವಾಲೊ ಪ್ರಮಾಣವಚನ ಸ್ವೀಕರಿಸಿದರು. ಆದರೂ ಪೊರಾಸ್‌ರನ್ನು ಅವರು ಕುರ್ಚಿಯಿಂದ ಇಳಿಸಲಾಗಲಿಲ್ಲ. ಅಪರಾಧ ಸಾಬೀತಾಗದೆ ಅಟಾರ್ನಿ ಜನರಲ್‌ರನ್ನು ಅಧ್ಯಕ್ಷರು ವಜಾ ಮಾಡುವಂತಿಲ್ಲ ಎಂಬ ನಿಯಮ ಅಡ್ಡ ಬಂದಿತು. ಅದನ್ನು 2016ರಲ್ಲಿ ತಂದದ್ದು ಪ್ರಾಮಾಣಿಕ ಅಭಿಯೋಜಕರನ್ನು ಭ್ರಷ್ಟ ಅಧ್ಯಕ್ಷರಿಂದ ಕಾಪಾಡಲೆಂದು.