ಆ್ಯಪ್‌ನಲ್ಲಿ ಹೀಬ್ರೂ ಕಲಿತೆ, ಆದಿಕಾಂಡ ಯಾಕೆ ಓದಲಾಗುತ್ತಿಲ್ಲ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಕನ್ನಡ ಬೈಬಲ್ಲಿನ ಹಳೆ ಒಡಂಬಡಿಕೆಯನ್ನು ಹಿಂದೆಯೇ ಓದಿದ್ದೇನೆ. ಮೂಲದಲ್ಲೇ ಓದೋಣ ಎಂದು ಮೊಬೈಲ್ ಆ್ಯಪ್ ಒಂದರಲ್ಲಿ ಹೀಬ್ರೂ ಕಲಿಯುತ್ತಿದ್ದೇನೆ. ಕಾಫಿಗೆ ಎಷ್ಟು, ಬಸ್ ಎಲ್ಲಿ ನಿಲ್ಲುತ್ತದೆ ಎಂದೆಲ್ಲ ಕೇಳಬಲ್ಲೆ. ಆದರೆ ಆದಿಕಾಂಡ ತೆರೆದರೆ ಕ್ರಿಯಾಪದಗಳೇ ಕೈಗೆ ಸಿಗುವುದಿಲ್ಲ. ಮುಂದೆ ಯೆಹೂದಿಗಳ ಧರ್ಮಚರ್ಚೆಗಳ ಗ್ರಂಥವಾದ ತಾಲ್ಮುದ್ ಓದುವ ಆಸೆಯೂ ಇದೆ. ಹೇಗೆ ಮುಂದುವರಿಯಲಿ? (ಹುಬ್ಬಳ್ಳಿ)

ಉತ್ತರ: ನೀವು ಕಲಿತದ್ದು ಇವತ್ತಿನ ಟೆಲ್ ಅವೀವ್‌ನ ಹೀಬ್ರೂ. ಓದಲು ಹೊರಟಿದ್ದು ಎರಡು ಸಾವಿರ ವರ್ಷಕ್ಕೂ ಹಳೆಯ ಹೀಬ್ರೂ. ಲಿಪಿ ಅದೇ, ಎಷ್ಟೋ ಪದಗಳೂ ಅವೇ. ಆದರೆ ಕ್ರಿಯಾಪದ ನಡೆಯುವ ರೀತಿ ಬೇರೆ.

ಈಗಿನ ಮಾತಿನಲ್ಲಿ 'ಅಮರ್' ಎಂದರೆ 'ಹೇಳಿದ', 'ಯೋಮರ್' ಎಂದರೆ 'ಮುಂದೆ ಹೇಳುತ್ತಾನೆ'. ಆದಿಕಾಂಡದಲ್ಲಿ ನಿಮಗೆ ಎದುರಾಗುವುದು 'ವಯ್ಯೋಮೆರ್'. ಆ್ಯಪ್ ಕಲಿಸಿದ ಲೆಕ್ಕದಲ್ಲಿ ಅದು ಮುಂದಿನ ಮಾತು. ಬೈಬಲ್ಲಿನಲ್ಲಿ ಅದು ನಡೆದುಹೋದ ಮಾತು: 'ಆಗ ಹೇಳಿದ'. ಮುಂದಾಗುವುದನ್ನು ಹೇಳುವ ರೂಪಕ್ಕೆ ಮೊದಲಲ್ಲಿ ಈ 'ವ' ಅಂಟಿ, ಜೊತೆಗೆ ಮುಂದಿನ ವ್ಯಂಜನಕ್ಕೆ ಒತ್ತು ಬಿದ್ದರೆ ಅದು ಕಥೆ ಹೇಳುವ ಭೂತಕಾಲ. ಹಳೆ ಒಡಂಬಡಿಕೆಯ ಕಥೆಗಳೆಲ್ಲ ಹೆಚ್ಚುಕಡಿಮೆ ಈ ರೂಪದಲ್ಲೇ ಓಡುತ್ತವೆ. ಸಾಲದ್ದಕ್ಕೆ, ಕನ್ನಡದಲ್ಲಿ ಕೊನೆಗೆ ಬರುವ ಕ್ರಿಯಾಪದ ಅಲ್ಲಿ ಸಾಮಾನ್ಯವಾಗಿ ವಾಕ್ಯದ ಮೊದಲಿಗೇ ಬಂದು ಕೂರುತ್ತದೆ. ಇದೊಂದು ಹಿಡಿತಕ್ಕೆ ಬಂದರೆ ನಿಮ್ಮ ಅರ್ಧ ತೊಂದರೆ ಕಳೆಯಿತು. ಆ್ಯಪ್ ಬದಿಗಿಟ್ಟು, 'ಬಿಬ್ಲಿಕಲ್ ಹೀಬ್ರೂ' ಎಂದು ಹೆಸರಿರುವ ವ್ಯಾಕರಣ ಪುಸ್ತಕವನ್ನೇ ಹಿಡಿಯಿರಿ.

ಒಂದು ವಿಷಯದಲ್ಲಿ ನಿಮಗೆ ಅನುಕೂಲವಿದೆ. ಹೀಬ್ರೂವಿನ 22 ಅಕ್ಷರಗಳೂ ವ್ಯಂಜನಗಳೇ. ಸ್ವರಗಳನ್ನು ಚುಕ್ಕಿ, ಗೀಟುಗಳಿಂದ ತೋರಿಸುತ್ತಾರೆ. ಪತ್ರಿಕೆಯಲ್ಲಿ ಆ ಚುಕ್ಕಿಗಳೂ ಇರುವುದಿಲ್ಲ, ಓದುವವರೇ ಊಹಿಸಿಕೊಳ್ಳಬೇಕು. ಆದರೆ ಅಚ್ಚಾದ ಬೈಬಲ್ಲಿನಲ್ಲಿ ಚುಕ್ಕಿಗಳೆಲ್ಲ ಇರುತ್ತವೆ. ಗಲಿಲಾಯದ ತಿಬೇರಿಯ ಊರಿನ ಪಂಡಿತರು 10ನೇ ಶತಮಾನದ ಹೊತ್ತಿಗೆ ಈ ಪದ್ಧತಿಯನ್ನು ಗಟ್ಟಿ ಮಾಡಿದರು. ಕಾಗುಣಿತ ಕಲಿತು ಬೆಳೆದ ನಮಗೆ ವ್ಯಂಜನದ ಸುತ್ತ ಸ್ವರ ಅಂಟಿಸುವುದು ಹೊಸದೇನಲ್ಲ, ಅಲ್ವಾ? 'ಹೆತ್' ಅಕ್ಷರದ ಗಂಟಲ ಸದ್ದು ಮಾತ್ರ ಕನ್ನಡದಲ್ಲಿಲ್ಲ. ಹುಬ್ಬಳ್ಳಿಯಲ್ಲಿ ಉರ್ದು ಮಾತಾಡುವವರು 'ಖುದಾ' ಅನ್ನುವಾಗ ಕಿವಿಗೊಡಿ. ಇವತ್ತಿನ ಇಸ್ರೇಲಿನಲ್ಲಿ ಹೆಚ್ಚಿನವರ ಬಾಯಲ್ಲಿ ಅದು ಹಾಗೇ ಕೇಳುತ್ತದೆ.

ಒಂದು ಕಡೆ ಚುಕ್ಕಿಯೂ ದಾರಿ ತಪ್ಪಿಸುತ್ತದೆ. ದೇವರ ನಾಲ್ಕಕ್ಷರದ ಹೆಸರು ಬಂದಾಗ ಅದನ್ನು ಬರೆದಂತೆ ಓದುವ ಪದ್ಧತಿ ಯೆಹೂದಿಗಳಲ್ಲಿಲ್ಲ. 'ಅದೋನಾಯ್', ಅಂದರೆ ಒಡೆಯ, ಎಂದು ಓದುತ್ತಾರೆ. ಅಲ್ಲಿರುವ ಚುಕ್ಕಿಗಳು ಆ ಹೆಸರಿನವಲ್ಲ, ಬದಲಿಗೆ ಓದುವ ಪದದವು. ಯೆಹೂದಿ ಸ್ನೇಹಿತರ ಜೊತೆ ಕೂತು ಓದುವಾಗ ಇದನ್ನು ನೆನಪಿಡಿ.

ಎಲ್ಲಿಂದ ಶುರು ಮಾಡುವುದು? ಆದಿಕಾಂಡದ ಮೊದಲ ಅಧ್ಯಾಯ ಬೇಡ ಅನ್ನುತ್ತೇನೆ. ಅದು ಕಷ್ಟವೇನಲ್ಲ. ಆದರೆ ಕನ್ನಡದಲ್ಲಿ ನಿಮಗೆ ಬಾಯಿಪಾಠ ಆಗಿರುವಂಥದ್ದು. ಆಗ ನೀವು ಓದುವುದಿಲ್ಲ, ನೆನಪು ಮಾಡಿಕೊಳ್ಳುತ್ತೀರಿ. ರೂತಳ ಕಥೆ ಅಥವಾ ಯೋನನ ಕಥೆ ಒಳ್ಳೆಯದು. ಎರಡೂ ನಾಲ್ಕೇ ಅಧ್ಯಾಯ, ನೇರವಾದ ಗದ್ಯ. ಯೋನನ ಎರಡನೇ ಅಧ್ಯಾಯದ ಪ್ರಾರ್ಥನೆ ಪದ್ಯದಲ್ಲಿದೆ, ಮೊದಲ ಸಲ ಅದನ್ನು ದಾಟಿ ಹೋದರೂ ನಷ್ಟವಿಲ್ಲ. ಯೋಬನ ಗ್ರಂಥವನ್ನು ಮಾತ್ರ ಈಗ ಮುಟ್ಟಬೇಡಿ. ಬೇರೆಲ್ಲೂ ಬಾರದ ಪದಗಳು ಅಲ್ಲಿ ಜಾಸ್ತಿ, ಪಂಡಿತರೇ ತಡಕಾಡುತ್ತಾರೆ.

ಇನ್ನು ತಾಲ್ಮುದ್. ಅದಕ್ಕೆ ಹೀಬ್ರೂ ಒಂದೇ ಸಾಲದು. ಅದರ ಬುನಾದಿ ಮಿಶ್ನಾ. ಸುಮಾರು ಕ್ರಿ.ಶ. 200ರಲ್ಲಿ ಯೆಹೂದಾ ಹನಾಸಿ ಎಂಬ ಗುರು ಒಟ್ಟುಗೂಡಿಸಿದ ಆರು ವಿಭಾಗ, 63 ಪ್ರಕರಣಗಳ ಗ್ರಂಥ. ಅದರ ಭಾಷೆ ಹೀಬ್ರೂ. ಅದರ ಮೇಲೆ ಈಗಿನ ಇರಾಕ್ ಇರುವ ಬಾಬಿಲೋನಿನ ಪಾಠಶಾಲೆಗಳಲ್ಲಿ ಬೆಳೆದ ಚರ್ಚೆಯೇ ಗೆಮಾರಾ. ಅದು ಹೆಚ್ಚಾಗಿ ಅರಾಮಿಕ್ ಭಾಷೆಯಲ್ಲಿದೆ. ಅರಾಮಿಕ್ ಹೇಗಿರುತ್ತದೆ ಎಂದು ನೋಡಲು ದಾನಿಯೇಲನ ಎರಡನೇ ಅಧ್ಯಾಯ ತೆರೆಯಿರಿ. ನಾಲ್ಕನೇ ವಚನದ ನಡುವಿನಲ್ಲೇ ಹೀಬ್ರೂ ನಿಂತು ಅರಾಮಿಕ್ ಶುರುವಾಗುತ್ತದೆ. ಏಳನೇ ಅಧ್ಯಾಯದ ಕೊನೆಯವರೆಗೂ ಅದೇ.

ತಾಲ್ಮುದ್‌ನ ಪುಟ ನೋಡಿದರೆ ಮೊದಲು ಗಾಬರಿಯಾಗುತ್ತದೆ. ನಡುವೆ ಮೂಲ. ಒಂದು ಪಕ್ಕದಲ್ಲಿ 11ನೇ ಶತಮಾನದ ಫ್ರಾನ್ಸಿನ 'ರಾಶಿ' ಎಂಬ ಪಂಡಿತನ ಟೀಕೆ, ಅದೂ ಬೇರೆಯೇ ಅಕ್ಷರದಲ್ಲಿ. ಇನ್ನೊಂದು ಪಕ್ಕದಲ್ಲಿ ಅವನ ನಂತರದವರ ತಕರಾರು. ಮೂಲದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಲ್ಲ, ಪೂರ್ಣವಿರಾಮವೂ ಇಲ್ಲವೆಂದೇ ಹೇಳಬೇಕು. ಯಾವುದು ಪ್ರಶ್ನೆ, ಯಾವುದು ಉತ್ತರ, ಯಾರು ಯಾರನ್ನು ಕೆಣಕುತ್ತಿದ್ದಾರೆ ಎಂದು ಹುಡುಕುವುದೇ ಓದು. ಅದಕ್ಕೇ ಇದನ್ನು ಒಬ್ಬರೇ ಮೌನವಾಗಿ ಓದುವ ರೂಢಿ ಕಡಿಮೆ. ಇಬ್ಬರು ಎದುರುಬದುರು ಕೂತು, ಗಟ್ಟಿಯಾಗಿ ಓದಿ, ಜಗಳವಾಡುತ್ತಾರೆ. ಈ ಜೋಡಿಗೆ 'ಹಾವ್ರುತಾ' ಎನ್ನುತ್ತಾರೆ. ಗುರುಗಳು ಸಿಗದಿದ್ದರೂ ಒಬ್ಬ ಜೊತೆಗಾರರನ್ನು ಹುಡುಕಿಕೊಳ್ಳಿ, ವಿಡಿಯೊ ಕರೆಯಲ್ಲಾದರೂ ಸರಿ. ಸಂಸ್ಕೃತದ ಹಳೆಯ ವಿದ್ಯಾರ್ಥಿಯೊಬ್ಬರು ಸಿಕ್ಕರೆ ಬಿಡಬೇಡಿ. ಪೂರ್ವಪಕ್ಷ, ಸಿದ್ಧಾಂತ ಎಂದು ವಾದ ಬಿಡಿಸಿ ಅಭ್ಯಾಸವಿದ್ದವರಿಗೆ ಇದು ಬೇಗ ಒಗ್ಗುತ್ತದೆ.

1923ರಲ್ಲಿ ಶುರುವಾದ 'ದಾಫ್ ಯೋಮಿ' ಪದ್ಧತಿಯ ಬಗ್ಗೆಯೂ ಕೇಳಿರಬಹುದು. ದಿನಕ್ಕೆ ಒಂದು ಹಾಳೆ, ಎರಡೂ ಮಗ್ಗುಲು. 2,711 ದಿನ, ಅಂದರೆ ಸುಮಾರು ಏಳೂವರೆ ವರ್ಷದಲ್ಲಿ ತಾಲ್ಮುದ್ ಮುಗಿಯುತ್ತದೆ. ಹೊಸಬರು ಇದಕ್ಕೆ ಬೀಳುವುದು ನನಗೆ ಅಷ್ಟು ಇಷ್ಟವಿಲ್ಲ. ಸುಮ್ನೆ ಇಂಗ್ಲಿಷ್ ಅನುವಾದದ ಮೇಲೆ ಕಣ್ಣಾಡಿಸಿ ದಿನ ತಳ್ಳುವ ಹಾಗಾಗುತ್ತದೆ. ಮಿಶ್ನಾದ 'ಅವೋತ್' ಪ್ರಕರಣ ಓದಿ. ಚಿಕ್ಕ ಚಿಕ್ಕ ಹಿತನುಡಿಗಳು, ಅದಕ್ಕೆ ಗೆಮಾರಾನೂ ಇಲ್ಲ. ಆಮೇಲೆ ತಾಲ್ಮುದ್‌ನ ಮೊದಲ ಪ್ರಕರಣವಾದ 'ಬೆರಾಖೋತ್'ನ ಮೊದಲ ಹಾಳೆ. ಅದರ ಮೇಲೆ 2 ಎಂದಿರುತ್ತದೆ, ಹಾಳೆ ಕಳೆದಿದೆ ಎಂದುಕೊಳ್ಳಬೇಡಿ. ಹೆಚ್ಚುಕಡಿಮೆ ಎಲ್ಲ ಪ್ರಕರಣಗಳೂ ಎರಡರಿಂದಲೇ ಶುರು. ಸೆಫಾರಿಯಾ ಎಂಬ ಜಾಲತಾಣದಲ್ಲಿ ಮೂಲ, ಚುಕ್ಕಿ ಹಾಕಿದ ಪಾಠ, ಇಂಗ್ಲಿಷ್ ವಿವರಣೆ ಎಲ್ಲ ಉಚಿತವಾಗಿ ಸಿಗುತ್ತವೆ.

ಪ್ರಶ್ನೆ: ನಾನು ಯೆಹೂದಿಯಲ್ಲ. ತಾಲ್ಮುದ್ ಓದಿದರೆ ತಪ್ಪಾಗುತ್ತದೆಯೇ? (ಮೈಸೂರು)

ಉತ್ತರ: ಈ ಪ್ರಶ್ನೆಯನ್ನು ತಾಲ್ಮುದ್ದೇ ಎತ್ತಿಕೊಂಡಿದೆ. 'ಸನ್ಹೆದ್ರಿನ್' ಪ್ರಕರಣದ 59ನೇ ಹಾಳೆ ನೋಡಿ. ತೋರಾ, ಅಂದರೆ ಮೋಶೆಯ ಧರ್ಮಶಾಸ್ತ್ರ, ಓದುವ ಅನ್ಯನು (ಯೆಹೂದಿಯಲ್ಲದವನು) ಮರಣದಂಡನೆಗೆ ಅರ್ಹ ಎಂದು ರಬ್ಬಿ ಯೋಹಾನನ್ ಹೇಳುತ್ತಾರೆ. ಅಲ್ಲೇ ಎದುರಾಗಿ ರಬ್ಬಿ ಮೇಯಿರ್ ಅವರ ಮಾತು ಬರುತ್ತದೆ: ತೋರಾದಲ್ಲಿ ತೊಡಗಿದ ಅನ್ಯನು ಮಹಾಯಾಜಕನಿಗೆ ಸಮಾನ. ಎರಡನ್ನೂ ಹೊಂದಿಸಲು ಗೆಮಾರಾ ಒಂದು ದಾರಿ ಹುಡುಕುತ್ತದೆ. ಎರಡನೆಯ ಮಾತು ಎಲ್ಲ ಮನುಷ್ಯರಿಗೂ ಅನ್ವಯಿಸುವ ಏಳು ವಿಧಿಗಳ ಓದಿಗೆ ಸಂಬಂಧಪಟ್ಟದ್ದು ಎನ್ನುತ್ತದೆ.

ಇವತ್ತು ವಿಶ್ವವಿದ್ಯಾಲಯಗಳಲ್ಲಿ ಯಾರು ಬೇಕಾದರೂ ತಾಲ್ಮುದ್ ಓದುತ್ತಾರೆ. ಆದರೂ ಕೆಲವು ಸಂಪ್ರದಾಯಸ್ಥ ಗುರುಗಳು ಯೆಹೂದಿಯೇತರರಿಗೆ ತಾಲ್ಮುದ್ ಪಾಠ ಹೇಳುವುದಿಲ್ಲ. ಆನ್‌ಲೈನ್ ತರಗತಿಗೆ ಸೇರುವ ಮೊದಲೇ ನೀವು ಯಾರು, ಯಾಕೆ ಓದುತ್ತಿದ್ದೀರಿ ಎಂದು ತಿಳಿಸಿಬಿಡಿ. ಬೇಡ ಅಂದರೆ ಬೇಸರ ಮಾಡಿಕೊಳ್ಳದೆ ಬೇರೆ ಕಡೆ ಕೇಳಿ. ಬರೀ ಬೈಬಲ್ ಹೀಬ್ರೂ ಸಾಕು ಅನ್ನುವವರಿಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಬೆಂಗಳೂರಿನ ಕ್ರೈಸ್ತ ಸೆಮಿನರಿಗಳಲ್ಲಿ ಅದನ್ನು ಕಲಿಸುವ ಅಧ್ಯಾಪಕರಿದ್ದಾರೆ.

ಪ್ರಶ್ನೆ: ಮಂಗಳೂರಿನಲ್ಲಿದ್ದ ಯೆಹೂದಿ ವ್ಯಾಪಾರಿಯೊಬ್ಬನ ಹೀಬ್ರೂ ಪತ್ರಗಳು ಉಳಿದಿವೆಯಂತೆ. ಹೀಬ್ರೂ ಕಲಿತರೆ ಅವನ್ನು ಓದಬಹುದಾ? (ಉಡುಪಿ)

ಉತ್ತರ: ಅಬ್ರಹಾಂ ಬೆನ್ ಯಿಜುವಿನ ವಿಷಯ ಕೇಳುತ್ತಿದ್ದೀರಿ. ಟ್ಯುನೀಶಿಯಾ ಮೂಲದವನು, 12ನೇ ಶತಮಾನದಲ್ಲಿ ಮಂಗಳೂರಿನಲ್ಲಿದ್ದು ವ್ಯಾಪಾರ ಮಾಡಿದವನು. ಅವನ ಆಳಿನ ಹೆಸರು ಬೊಮ್ಮ! ದೇವರ ಹೆಸರಿರುವ ಬರಹವನ್ನು ಎಸೆಯಬಾರದು ಎಂದು ಕೈರೋದ ಬೆನ್ ಎಜ್ರಾ ಸಿನಗಾಗ್‌ನ (ಯೆಹೂದಿ ಪ್ರಾರ್ಥನಾಮಂದಿರದ) 'ಗೆನಿಜಾ' ಎಂಬ ಕೋಣೆಯಲ್ಲಿ ಹಳೆಯ ಕಾಗದಗಳನ್ನು ಹಾಕಿಡುತ್ತಿದ್ದರು. ವ್ಯಾಪಾರದ ಕಾಗದಗಳೂ ಅದರಲ್ಲಿ ಸೇರಿಕೊಂಡವು. ಅವನ ಪತ್ರಗಳು ಉಳಿದದ್ದು ಹಾಗೆ. ಅಲ್ಲಿನ ಕಾಗದಗಳ ದೊಡ್ಡ ಪಾಲು ಈಗ ಕೇಂಬ್ರಿಡ್ಜ್‌ನಲ್ಲಿದೆ.

ಆದರೆ ಆ ಪತ್ರಗಳಲ್ಲಿ ಲಿಪಿ ಮಾತ್ರ ಹೀಬ್ರೂ, ಭಾಷೆ ಹೆಚ್ಚಾಗಿ ಅರಬ್ಬಿ. ನಿಮಗೆ ಬೇಕಾದದ್ದು ಆ ಪತ್ರಗಳೇ ಆದರೆ ಮೊದಲು ಅರಬ್ಬಿ ಕಲಿಯಿರಿ. ಹೀಬ್ರೂ ಅಕ್ಷರಗಳನ್ನು ಅದರ ಜೊತೆಜೊತೆಗೇ ಕೆಲವು ವಾರಗಳಲ್ಲಿ ಕಲಿತುಬಿಡಬಹುದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆನಿಜಾ ಜಾಲತಾಣದಲ್ಲಿ ಇಂಥ ಸಾವಿರಾರು ಕಾಗದಗಳನ್ನು ಟೈಪ್ ಮಾಡಿದ ಪ್ರತಿಯಾಗಿ ಹಾಕಿದ್ದಾರೆ. ಕೈಬರಹ ಓದುವ ಅಭ್ಯಾಸಕ್ಕೆ ಮೂಲದ ಚಿತ್ರ ಮತ್ತು ಆ ಪ್ರತಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ.