ಓದುಗರ ಪ್ರಶ್ನೆ: ಸ್ಕ್ಯಾನಿಂಗ್ ವಿಭಾಗದ ನರ್ಸ್ ಕೆಲಸ

ಪ್ರಶ್ನೆ: ಎರಡು ವರ್ಷ ವಾರ್ಡಿನಲ್ಲಿದ್ದ ನನ್ನನ್ನು ಈಗ ಸಿಟಿ ಸ್ಕ್ಯಾನ್‌ಗೆ ಹಾಕಿದ್ದಾರೆ. ವಾರ್ಡಿನಿಂದಲೇ ಕ್ಯಾನುಲಾ (ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕಿಸಿಕೊಂಡು ಬಂದ ರೋಗಿಗಳಿಗೂ ಡೈ (ಸ್ಕ್ಯಾನಿನಲ್ಲಿ ಒಳಭಾಗ ಸ್ಪಷ್ಟ ಕಾಣಲು ಬಿಡುವ ದ್ರವ) ಕೊಡುವಾಗ ಕೈ ಊದಿಕೊಳ್ಳುತ್ತದೆ. ಯಾಕೆ? (ಕುಮಟಾ)

ಉತ್ತರ: ವಾರ್ಡಿನ ಕ್ಯಾನುಲಾವನ್ನು ನಂಬಿದ್ದೇ ಕಾರಣ. ಡ್ರಿಪ್ ಹನಿಹನಿಯಾಗಿ ಇಳಿಯುತ್ತದೆ. ಸಿಟಿಯ ಇಂಜೆಕ್ಟರ್ ಹೊಟ್ಟೆಯ ಸ್ಕ್ಯಾನಿಗೆ ಸೆಕೆಂಡಿಗೆ 2–3 ಮಿ.ಲೀ., ಆಂಜಿಯೋಗ್ರಾಂಗೆ (ರಕ್ತನಾಳಗಳ ಸ್ಕ್ಯಾನಿಗೆ) 4–5 ಮಿ.ಲೀ. ಡೈ ದೂಡುತ್ತದೆ. ನಿನ್ನೆ ಅಂಗೈ ಹಿಂಬದಿಗೆ ಹಾಕಿದ ನೀಲಿ (22 ಗೇಜ್; ಅಂಕಿ ಕಡಿಮೆಯಾದಷ್ಟೂ ಕೊಳವೆ ದಪ್ಪ) ಕ್ಯಾನುಲಾ ಆ ರಭಸ ತಡೆಯುವುದು ಕಷ್ಟ; ಡೈ ರಕ್ತನಾಳದಿಂದ ಹೊರಗೆ ಸೋರಿ ಕೈ ಊದುತ್ತದೆ. ಮೊಣಕೈ ಮಡಿಕೆಯ ದಪ್ಪ ನರಕ್ಕೆ (ರಕ್ತನಾಳಕ್ಕೆ) ಹೊಸದಾಗಿ ಗುಲಾಬಿ (20) ಹಾಕಿ. ಆಂಜಿಯೋಗ್ರಾಂ ಇದ್ದರೆ ಹಸಿರು (18).

ಇನ್ನೊಂದು ತಪ್ಪು ಪರೀಕ್ಷಿಸುವ ಭಂಗಿಯಲ್ಲಿ ಆಗುತ್ತದೆ. ಕೈ ಕೆಳಗಿದ್ದಾಗ ಫ್ಲಶ್ ಮಾಡಿ (ಸಲೈನ್ ಬಿಟ್ಟು ನೋಡಿ) 'ಸರಿಯಿದೆ' ಅಂದುಕೊಳ್ಳುತ್ತೇವೆ. ಆಮೇಲೆ ರೋಗಿ ಕೈ ತಲೆಯ ಮೇಲೆತ್ತಿ ಮಲಗುತ್ತಾರೆ, ಮೊಣಕೈ ಮಡಚುತ್ತದೆ, ಕ್ಯಾನುಲಾದ ತುದಿ ನರದ ಗೋಡೆಗೆ ಒತ್ತುತ್ತದೆ. ಹಾಗಾಗಿ ಕೈ ಮೇಲೆತ್ತಿಸಿದ ಮೇಲೆಯೇ, ಡೈ ಹೋಗುವ ವೇಗದಲ್ಲೇ, 20 ಮಿ.ಲೀ. ಸಲೈನ್ ಬಿಟ್ಟು ನೋಡಿ. ಅದಕ್ಕೂ ಮೊದಲು ಸಿರಿಂಜು, ಟ್ಯೂಬುಗಳಲ್ಲಿ ಗಾಳಿ ಉಳಿದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಡೈ ಬಾಟಲಿ 37 ಡಿಗ್ರಿಗೆ ಬೆಚ್ಚಗಿದ್ದರೆ ಮಂದತನ ಇಳಿದು ಸಲೀಸಾಗಿ ಹರಿಯುತ್ತದೆ.

ಮೈಯೆಲ್ಲ ಬಿಸಿಯಾಗುತ್ತದೆ, ಮೂತ್ರ ಹೋದ ಹಾಗೆ ಅನ್ನಿಸುತ್ತದೆ ಎಂದು ರೋಗಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಗಾಬರಿಯಲ್ಲಿ ಅಲುಗಾಡಿ ಸ್ಕ್ಯಾನೇ ಹಾಳು. ಆದರೆ ಚುಚ್ಚಿದ ಜಾಗದಲ್ಲೇ ಉರಿ, ನೋವು ಅಂದರೆ ತಕ್ಷಣ ಯಂತ್ರ ನಿಲ್ಲಿಸಿ. ಬಂದಷ್ಟು ಡೈ ಹಿಂದಕ್ಕೆಳೆದು ಕ್ಯಾನುಲಾ ತೆಗೆಯಿರಿ, ಕೈ ಎತ್ತಿಡಿ, ತಣ್ಣನೆಯ ಪ್ಯಾಕ್ ಇಡಿ, ವೈದ್ಯರಿಗೆ ತಿಳಿಸಿ. ಬೊಬ್ಬೆ ಎದ್ದರೆ, ಬೆರಳು ಜೋಮು ಹಿಡಿದರೆ ಅಥವಾ ನೋವು ಏರುತ್ತಲೇ ಹೋದರೆ ಶಸ್ತ್ರಚಿಕಿತ್ಸಕರು ನೋಡಲೇಬೇಕು.

ಪ್ರಶ್ನೆ: ನಮ್ಮ ಕಡೆ 'ಶೆಟ್ಲಿ (ಸಿಗಡಿ), ಏಡಿ ತಿಂದರೆ ಮೈ ತುರಿಸುತ್ತದೆ' ಅನ್ನುವವರು ಬಹಳ. ಅಂಥವರಿಗೆ ಸಿಟಿಯ ಅಯೋಡಿನ್ ಇರುವ ಡೈ ಕೊಡಬಹುದೇ? (ಅಂಕೋಲಾ)

ಉತ್ತರ: ಕೊಡಬಹುದು. ಸಿಗಡಿ ತಿಂದು ತುರಿಸುವುದು ಅದರಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನಿನಿಂದ. ಅಯೋಡಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಅಯೋಡಿನ್ ಆಗದಿದ್ದರೆ ದಿನವೂ ತಿನ್ನುವ ಉಪ್ಪೂ ಆಗಬಾರದಿತ್ತಲ್ಲ! ಮೀನೂಟದ ಊರಿನಲ್ಲಿ ಈ ಪ್ರಶ್ನೆಗೇ ಅಂಟಿಕೊಂಡರೆ ಅರ್ಧ ಜನರ ಸ್ಕ್ಯಾನ್ ನಿಲ್ಲುತ್ತದೆ, ಕೇಳಲೇಬೇಕಾದ್ದು ಮರೆತುಹೋಗುತ್ತದೆ: 'ಹಿಂದೆ ಸ್ಕ್ಯಾನಿಗೆ ಡೈ ಕೊಟ್ಟಾಗ ಏನಾದರೂ ಆಗಿತ್ತೇ?' ದಮ್ಮು ಇದೆಯೇ ಎಂಬುದನ್ನೂ ಕೇಳಿ. ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ) ವರದಿ ನೋಡಿ.

ಹಿಂದೆ ಡೈಗೆ ರಿಯಾಕ್ಷನ್ ಆಗಿದ್ದರೆ ವೈದ್ಯರು ಸಾಮಾನ್ಯವಾಗಿ ಪ್ರೆಡ್ನಿಸೋಲೋನ್ (ಸ್ಟೀರಾಯ್ಡ್ ಮಾತ್ರೆ) 50 ಮಿ.ಗ್ರಾಂ. ಅನ್ನು 13, 7 ಮತ್ತು 1 ಗಂಟೆ ಮುಂಚೆ ಬರೆಯುತ್ತಾರೆ. ಬೆಳಿಗ್ಗೆ 9ಕ್ಕೆ ಸ್ಕ್ಯಾನ್ ಅಂದರೆ ರಾತ್ರಿ 8ಕ್ಕೆ, ನಡುರಾತ್ರಿ ಕಳೆದು 2ಕ್ಕೆ, ಬೆಳಿಗ್ಗೆ 8ಕ್ಕೆ. ಆದ್ದರಿಂದ ಈ ವಿಚಾರಣೆ ದಿನ ಗೊತ್ತು ಮಾಡುವಾಗಲೇ, ಫೋನಿನಲ್ಲೇ ಆಗಲಿ. ಬೆಳಗಾಮುಂಚೆ ಎದ್ದು ದೇವಿಮನೆ ಘಟ್ಟ ಇಳಿದು ಬಂದವರನ್ನು ಮೇಜಿನ ಮೇಲೆ ಮಲಗಿಸಿ ಕೇಳಿದರೆ ಬರಿಗೈಲಿ ಕಳಿಸಬೇಕಾಗುತ್ತದೆ.

ಮುಗಿದ ಮೇಲೆ 30 ನಿಮಿಷ ಕ್ಯಾನುಲಾ ತೆಗೆಯಬೇಡಿ. 'ಶಿರಸಿ ಬಸ್ ತಪ್ಪುತ್ತದೆ' ಅಂದರೂ ಕೂರಿಸಿ. ಜೋರಾದ ರಿಯಾಕ್ಷನ್ ಹೆಚ್ಚಾಗಿ ಆ ಹೊತ್ತಿನಲ್ಲೇ ಬರುವುದು. ಉಸಿರು ಕಟ್ಟಿದರೆ, ಬಿಪಿ ಕುಸಿದರೆ ಮೊದಲ ಮದ್ದು ಅಡ್ರಿನಲಿನ್: ದೊಡ್ಡವರಿಗೆ 0.5 ಮಿ.ಗ್ರಾಂ. (ಮಿ.ಲೀ.ಗೆ 1 ಮಿ.ಗ್ರಾಂ. ಇರುವ ಆಂಪೂಲ್‌ನಿಂದ ಅರ್ಧ ಮಿ.ಲೀ.), ತೊಡೆಯ ಹೊರಬದಿಯ ಮಾಂಸಕ್ಕೆ. ಇಳಿಯದಿದ್ದರೆ 5 ನಿಮಿಷಕ್ಕೆ ಮತ್ತೊಂದು. ಮೊದಲು ಎವಿಲ್ (ಅಲರ್ಜಿಯ ಮದ್ದು), ಹೈಡ್ರೋಕಾರ್ಟಿಸೋನ್ (ಸ್ಟೀರಾಯ್ಡ್) ಹುಡುಕುವ ಅಭ್ಯಾಸ ಎಷ್ಟೋ ಕಡೆ ಇದೆ; ಅವೆರಡೂ ಆ ಕ್ಷಣಕ್ಕೆ ಒದಗುವುದಿಲ್ಲ. ವೈದ್ಯರ ಲಿಖಿತ ಆದೇಶ ಟ್ರೇ ಪಕ್ಕದ ಗೋಡೆಯಲ್ಲೇ ಇರಲಿ.

ಪ್ರಶ್ನೆ: ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಗುಲಿದ ವಿಕಿರಣ ಅಳೆಯುವ ಬಿಲ್ಲೆ) ಸೀಸದ ಏಪ್ರನ್ನಿನ ಒಳಗೋ ಹೊರಗೋ? (ಕಾರವಾರ)

ಉತ್ತರ: ಒಳಗೆ, ಎದೆಯ ಮಟ್ಟದಲ್ಲಿ. ಕೈಗಾ ಅಣುಸ್ಥಾವರಕ್ಕೆ ಕೆಲಸಕ್ಕೆ ಹೋಗುವವರು ನಿಮ್ಮ ಮನೆಯಲ್ಲೇ ಇದ್ದರೆ ಈ ಬ್ಯಾಡ್ಜ್ ಹೊಸದೇನಲ್ಲ. ಡ್ಯೂಟಿ ಮುಗಿದಾಗ ಅದನ್ನು ಏಪ್ರನ್ನಿಗೇ ಸಿಕ್ಕಿಸಿ ಎಕ್ಸ್‌ರೇ ಕೋಣೆಯಲ್ಲಿ ಬಿಟ್ಟು ಹೋದರೆ, ಇಡೀ ರಾತ್ರಿಯ ಎಕ್ಸ್‌ರೇ ಎಲ್ಲ ನಿಮ್ಮ ಲೆಕ್ಕಕ್ಕೆ ಬರೆಯಲ್ಪಡುತ್ತದೆ. ಮೂರು ತಿಂಗಳ ವರದಿ ಬಂದಾಗ ವಿವರಣೆ ಕೊಡುವವರು ನೀವೇ. ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣದ ಅಳತೆ), ಯಾವ ಒಂದು ವರ್ಷವೂ 30 ದಾಟುವಂತಿಲ್ಲ. ಗರ್ಭಿಣಿಯೆಂದು ಗೊತ್ತಾದೊಡನೆ ಲಿಖಿತವಾಗಿ ತಿಳಿಸಿ. ಅಲ್ಲಿಂದ ಮುಂದೆ ಮಗುವಿಗೆ ಮಿತಿ 1 ಮಿಲಿಸೀವರ್ಟ್. ಏಪ್ರನ್ ಮಡಚಬೇಡಿ, ಹ್ಯಾಂಗರಿಗೆ ತೂಗುಹಾಕಿ. ಮಡಿಕೆಯಲ್ಲಿ ಒಳಗಿನ ಸೀಸ ಬಿರುಕು ಬಿಟ್ಟರೆ ಹೊರಗಿಂದ ಕಾಣುವುದೇ ಇಲ್ಲ.