ಕೇಳಿ, ಹೇಳ್ತೇವೆ: ಮೈಸೂರಿಗೆ ಸಂಧಿ ಯಾವಾಗ ಬೇಕು?

ಪ್ರಶ್ನೆ: ಸರ್, ನಾವು ಮೂರು ಜನ ಫ್ರೆಂಡ್ಸ್ ಸೇರಿ ಯುರೋಪಾ ಯೂನಿವರ್ಸಾಲಿಸ್ 4 ಅನ್ನುವ, ರಾಜ್ಯ ಆಳುವ ಕಂಪ್ಯೂಟರ್ ಗೇಮಿಗೆ ಹೈದರ್-ಟಿಪ್ಪು ಕಾಲದ ಒಂದು ಮಾಡ್ (ಗೇಮನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವ ಫೈಲುಗಳು) ಮಾಡ್ತಾ ಇದ್ದೇವೆ. ಬೇಕಲ ಕೋಟೆ ಒಂದು ಹೋದ ಕೂಡ್ಲೆ ಎಐ (ಕಂಪ್ಯೂಟರೇ ಆಡಿಸುವ) ಮೈಸೂರು ಸಂಧಿಗೆ ಬರ್ತಿತ್ತು, ಅದಕ್ಕೆ ಸಂಧಿಗೆ ಹಿಂಜರಿಯುವ ನಂಬರ್ ಜಾಸ್ತಿ ಮಾಡಿದೆವು, ಈಗ ಶ್ರೀರಂಗಪಟ್ಟಣ ಹೋದ್ರೂ ಒಪ್ಪುದಿಲ್ಲ, ಸೈನ್ಯ ಇಲ್ಲ, ಸಾಲ ತಲೆ ಮೇಲೆ ಉಂಟು, ಆದ್ರೂ ಯುದ್ಧವೇ ಬೇಕಂತೆ. ಎಂತ ಮಾಡುದು?
– ಕುಂಬಳೆಯ ಓದುಗ

ಉತ್ತರ: ನೀವು ಒಂದೇ ನಂಬರನ್ನು ಹಿಡ್ಕೊಂಡು ಜಗ್ಗಿದ್ದು ಮಾರಾಯ, ಅಲ್ಲೇ ಎಡವಟ್ಟಾದ್ದು. ಮೂಲ ಹಿಂಜರಿಕೆ ಅನ್ನುದು ಯುದ್ಧದ ಮೊದಲ ದಿನಕ್ಕೂ ಕೊನೆ ದಿನಕ್ಕೂ ಒಂದೇ ತೂಕ, ಅದನ್ನು ಏರಿಸಿದ್ರೆ ಎಐ ಹಟಮಾರಿ ಆಗ್ತದೆ ಅಷ್ಟೆ, ಬುದ್ಧಿವಂತ ಆಗುದಿಲ್ಲ. ಅದನ್ನು ಮೊದಲಿದ್ದಲ್ಲಿಗೇ ತನ್ನಿ. ಯುದ್ಧ ಸಾಗಿದ ಹಾಗೆ ಬದಲಾಗುವ ಲೆಕ್ಕ ಬೇರೆ ಉಂಟಲ್ಲ, ಯುದ್ಧದ ದಣಿವು (ಅದು 0ಯಿಂದ 20ರವರೆಗೆ ಹೋಗ್ತದೆ), ಎಷ್ಟು ತಿಂಗಳಾಯ್ತು, ಸೈನ್ಯದ ಬಲ ಎಷ್ಟಕ್ಕೆಷ್ಟು, ಅದನ್ನು ಮುಟ್ಟಿ. ಮತ್ತೆ ಸಂಧಿ ಬೇಕಾ ಅನ್ನುದು ಒಂದು, ಅದಕ್ಕೆ ಎಷ್ಟು ಕೊಡ್ತೀಯಾ ಅನ್ನುದು ಇನ್ನೊಂದು, ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ್ರೆ ಹೀಗೇ ಆಗುದು.

ಸರಿ ಆಯ್ತಾ ಅಂತ ನೋಡ್ಲಿಕ್ಕೆ ದೂರ ಹೋಗುದು ಬೇಡ, ಇತಿಹಾಸದಲ್ಲೇ ಎರಡು ಲೆಕ್ಕ ಉಂಟು. 1784ರ ಮಾರ್ಚಲ್ಲಿ ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮಂಗಳೂರಿನ ಒಪ್ಪಂದ ಆದಾಗ ಗೆದ್ದದ್ದೆಲ್ಲ ಇಬ್ಬರೂ ವಾಪಸ್ ಕೊಟ್ರು, ಟಿಪ್ಪು ತಿಂಗಳುಗಟ್ಲೆ ಮುತ್ತಿಗೆ ಹಾಕಿ ಮಂಗಳೂರು ಕೋಟೆ ತಗೊಂಡದ್ದು, ಆದ್ರೆ ಅಷ್ಟು ಹೊತ್ತಿಗೆ ಜೊತೆಗಿದ್ದ ಫ್ರೆಂಚರು ಯುರೋಪಿನ ಶಾಂತಿಯ ಸುದ್ದಿ ಬಂತು ಅಂತ ಕೈ ಬಿಟ್ಟಿದ್ರು, ಮರಾಠರು 1782ರಲ್ಲೇ ಸಾಲ್‌ಬಾಯಿಯಲ್ಲಿ ಕಂಪನಿ ಜೊತೆ ಬೇರೆ ಸಂಧಿ ಮಾಡ್ಕೊಂಡಿದ್ರು. ಅದೇ 1792ರಲ್ಲಿ ರಾಜಧಾನಿ ಬಾಗಿಲಿಗೇ ಶತ್ರು ಬಂದಾಗ ಟಿಪ್ಪು ಕೊಟ್ಟದ್ದು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಮೇಲಿಂದ ಇಬ್ಬರು ಮಕ್ಕಳು ಒತ್ತೆ. ಅಷ್ಟಾದ್ರೂ ಬೇಕಲ ಕಂಪನಿಗೆ ಹೋಗ್ಲಿಲ್ಲ, ಅದು 1799ರಲ್ಲಿ ಟಿಪ್ಪು ಬಿದ್ದ ಮೇಲೆ. ಹಾಗಾಗಿ ಬೇಕಲ ಹೋದ ಕೂಡ್ಲೆ ನಿಮ್ಮ ಮೈಸೂರು ಅಳ್ಳಿಕ್ಕೆ ಕೂತ್ಕೊಂಡ್ರೆ ನಮ್ಮ ಊರಿನ ಕೋಟೆಗೆ ಮರ್ಯಾದೆ ಕೊಟ್ಟದ್ದು ಸ್ವಲ್ಪ ಜಾಸ್ತಿಯೇ ಆಯ್ತು! ಒಂದೇ ಫೈಲಿಂದ ಈ ಎರಡೂ ಸಂಧಿ ಹೊರಗೆ ಬರ್ಬೇಕು, ಒಂದು ಮಾತ್ರ ಬಂದ್ರೆ ಇನ್ನೂ ಕೆಲಸ ಉಂಟು ಅಂತ ಲೆಕ್ಕ.

ಮತ್ತೆ ಮಿತ್ರರನ್ನು ನೋಡ್ಲಿಕ್ಕೆ ಮರೀಬೇಡಿ. ಎಷ್ಟೋ ಸಲ ತಪ್ಪು ಮೈಸೂರಿನದ್ದಲ್ಲ, ಜೊತೆಗಿದ್ದವ ಸುಮ್ಮನೆ ಜಾರಿಕೊಂಡದ್ದು.

ಗೇಮಿನ ಮೂಲ ಫೈಲ್ ಮುಟ್ಬೇಡಿ, ಮಾಡ್ ಫೋಲ್ಡರಿನ ಡಿಫೈನ್ಸ್ (ಈ ನಂಬರುಗಳೆಲ್ಲ ಇರುವ ಜಾಗ) ಒಳಗೆ ಬೇರೆ ಫೈಲ್ ಇಟ್ಟು ಬದಲಾದ ಸಾಲು ಮಾತ್ರ ಬರೀರಿ. ಒಂದು ಸಲಕ್ಕೆ ಒಂದೇ ನಂಬರ್. ಆಮೇಲೆ ಕನ್ಸೋಲಲ್ಲಿ (ಗೇಮಿಗೆ ಆಜ್ಞೆ ಟೈಪ್ ಮಾಡುವ ಜಾಗ) ಅಬ್ಸರ್ವ್ ಹಾಕಿ, ಆಗ ಆಟ ತಾನೇ ಆಡ್ತದೆ, ನೀವು ನೋಡುದು ಮಾತ್ರ, ಸ್ಪೀಡ್ 5ರಲ್ಲಿ ಬಿಟ್ಟು ಊಟಕ್ಕೆ ಹೋಗಿ, ಬಂದು ನೋಡಿ, ಕಡಿಮೆ ಅಂದ್ರೆ ಹತ್ತು ಸಲ, ಒಂದೇ ಸಲ ಸರಿ ಬಂತು ಅಂತ ಹಾರಾಡಬೇಡಿ.

ಪ್ರಶ್ನೆ: ಸಂಧಿ ಆದ ಮೇಲೆ ಎಐ ಪುನಃ ಬೇಗ ಯುದ್ಧಕ್ಕೆ ಬರ್ತದೆ, ಯಾಕೆ?
– ಮಂಜೇಶ್ವರದ ಓದುಗ

ಉತ್ತರ: ಯಾರೂ ಏನೂ ಕೊಡದೆ ಮುಗಿಸಿದ್ರೆ ಕದನವಿರಾಮ 5 ವರ್ಷ ಮಾತ್ರ, ದೊಡ್ಡದಾಗಿ ಕಿತ್ಕೊಂಡ್ರೆ 15ರವರೆಗೂ ಹೋಗ್ತದೆ. ನಿಮ್ಮಲ್ಲಿ ಎಲ್ಲಾ ಯುದ್ಧವೂ ಬರಿಗೈಲಿ ಮುಗಿತಾ ಉಂಟು ಅಂತ ಕಾಣ್ತದೆ, ಮೇಲಿನ ಉತ್ತರ ಒಮ್ಮೆ ಓದಿ. ಆಟ ಬಿಟ್ಟು ಊಟಕ್ಕೆ ಹೋಗುವ ಮೊದಲು ಸೇವ್ ಮಾಡಿ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತುಂಟಲ್ಲ.